ಹನ್ನೊಂದು ಅಡಿಸಾಲುಗಳು

"ಗುರುಗಳೇ, ತಪ್ಪು ಮಾಡಿದವನು ಅದನ್ನು ಒಪ್ಪಿಕೊಂಡರೆ ಸಾಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಪುಸ್ತಕ ಭಂಡಾರದಲ್ಲಿ ಕರಡಚ್ಚು ನೋಡುತ್ತ ಕುಳಿತಿದ್ದರು. ಶಿಷ್ಯ ಹಿಂದಿನ ದಿನ ತೋಟದ ಆಳಿನ ಮೇಲೆ ಅವನು ಮಾಡದ ತಪ್ಪು ಹೊರಿಸಿದ್ದ. ತಪ್ಪು ತನ್ನದೇ ಎಂದು ತಿಳಿದ ಮೇಲೆ ಹೋಗಿ ಹೇಳಿಯೂ ಬಂದಿದ್ದ. ಆಳು ಸುಮ್ಮನೆ ತಲೆಯಾಡಿಸಿ ಗಿಡಗಳಿಗೆ ನೀರು ಬಿಡುತ್ತಲೇ ಇದ್ದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಶಿಷ್ಯನಿಗೆ ಬೆಳಗಿನಿಂದ ಅನ್ನಿಸುತ್ತಿತ್ತು.

ಗುರುಗಳು ಕೈಯಲ್ಲಿದ್ದ ಹಾಳೆಗಳನ್ನು ಪಕ್ಕಕ್ಕಿಟ್ಟರು. "ಕೂತುಕೋ. ಒಬ್ಬನ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಗಣಿತದ ಉಪಾಧ್ಯಾಯನಿದ್ದ. ಕಾಲೇಜಿನಲ್ಲಿ ಪಾಠ ಹೇಳುವುದು ಅವನ ಉದ್ಯೋಗ. ಪುಸ್ತಕದ ಪುಟ ಕಟ್ಟುವುದು ಅವನ ಹುಚ್ಚು.

ಪುಟ ಕಟ್ಟುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವಿದೆ. ಬರೆದದ್ದನ್ನು ಅದಕ್ಕೆ ಒಪ್ಪಿಸಿದರೆ, ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು, ಅಂಚು ಎಷ್ಟು ಬಿಡಬೇಕು ಎಂಬುದನ್ನೆಲ್ಲ ತಾನೇ ಲೆಕ್ಕ ಹಾಕಿ ಜೋಡಿಸಿ ಕೊಡುತ್ತದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಅದಕ್ಕೆ ಬಾರದ ಕೆಲಸಗಳಿಗೆ ಬಳಸುವವರೇ ಸಣ್ಣಪುಟ್ಟ ಸಲಕರಣೆಗಳನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಅವನ್ನು ಪ್ಯಾಕೇಜ್ ಎನ್ನುತ್ತಾರೆ. ಒಬ್ಬ ಸಂಗೀತದ ಸ್ವರಗಳನ್ನು ಬರೆಯಲು ಒಂದು ಮಾಡಿರುತ್ತಾನೆ. ಇನ್ನೊಬ್ಬ ಜಾತಕದ ಮನೆಗಳನ್ನು ಎಳೆಯಲು ಇನ್ನೊಂದು ಮಾಡಿರುತ್ತಾನೆ. ಬೇಕಾದವರು ಬೇಕಾದ್ದನ್ನು ತಂದು ಸೇರಿಸಿಕೊಳ್ಳುತ್ತಾರೆ.

ಹಳೆಯ ಹಾಡುಗಳನ್ನು ಅಚ್ಚು ಹಾಕಿಸುವವರಿಗೆ ಒಂದು ತೊಡಕಿತ್ತು. ಒಂದೇ ಹಾಡು ಒಂದು ಕೈಬರಹದ ವಹಿಯಲ್ಲಿ ಒಂದು ರೀತಿ ಇರುತ್ತದೆ, ಇನ್ನೊಂದರಲ್ಲಿ ಇನ್ನೊಂದು ರೀತಿ. ಆ ಬೇರೆ ಪಾಠವನ್ನು ಪುಟದ ಅಡಿಯಲ್ಲಿ, ಆಯಾ ಹಾಡಿನ ಕೆಳಗೇ, ಚಿಕ್ಕ ಅಕ್ಷರದಲ್ಲಿ ಕೊಡಬೇಕು. ಹಾಡು ಮುಂದಿನ ಪುಟಕ್ಕೆ ಸರಿದರೆ ಅದೂ ಸರಿಯಬೇಕು. ಕೈಯಿಂದ ಮಾಡಹೋದರೆ, ನಡುವೆ ಒಂದು ಸಾಲು ಸೇರಿಸಿದ್ದಕ್ಕೆ ನೂರು ಪುಟ ತಿದ್ದಬೇಕಾಗುತ್ತಿತ್ತು. ಉಪಾಧ್ಯಾಯ ನಾಲ್ಕು ವರ್ಷ ಪಟ್ಟು ಹಿಡಿದು ಕೂತು ಇದಕ್ಕೊಂದು ಪ್ಯಾಕೇಜ್ ಮಾಡಿದ. ಅಡಿಸಾಲು ಎಂದು ಹೆಸರಿಟ್ಟ. ಯಾರಿಂದಲೂ ಏನನ್ನೂ ಕೇಳದೆ ಎಲ್ಲರಿಗೂ ಕೊಟ್ಟ.

ಅದು ಒಳ್ಳೆಯ ಕೆಲಸ. ಇದನ್ನು ನಾನು ಮೊದಲೇ ಹೇಳಿಬಿಡಬೇಕು. ಅವನು ಕೆಟ್ಟವನಲ್ಲ.

ವರ್ಷ ಎರಡರಲ್ಲಿ ಅಡಿಸಾಲು ನಾಡಿನ ತುಂಬ ಹರಡಿತು. ಸಂಶೋಧನೆ ಮಾಡುವವರು ಬಳಸಿದರು. ದೊಡ್ಡ ಪ್ರಕಾಶಕರು ಬಳಸಿದರು. ಪುಸ್ತಕಗಳ ಮುನ್ನುಡಿಯ ಕೊನೆಯಲ್ಲಿ ಅವನ ಹೆಸರಿಗೆ ಒಂದು ಸಾಲಿನ ಕೃತಜ್ಞತೆ ಬರತೊಡಗಿತು. ಅಂಥ ಪುಸ್ತಕಗಳಿಗೆಂದೇ ಅವನು ಮನೆಯಲ್ಲಿ ಒಂದು ಕಪಾಟು ಮಾಡಿಸಿದ. ನೆಂಟರು ಬಂದರೆ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದ ಅಷ್ಟೆ.

ಹೊಗಳಿಕೆಯ ಜೊತೆಗೆ ದೂರುಗಳೂ ಬಂದವು. ದಿನಕ್ಕೆ ನಾಲ್ಕಾರು ಈಮೇಲ್. ಅಡಿಸಾಲು ಕೆಲಸ ಮಾಡುತ್ತಿಲ್ಲ, ಅಕ್ಷರ ಒಡೆದು ಬರುತ್ತಿದೆ, ಪುಟದ ಸಂಖ್ಯೆ ತಪ್ಪುತ್ತಿದೆ. ಮೊದಮೊದಲು ಅವನು ಒಂದೊಂದನ್ನೂ ತೆರೆದು ನೋಡಿದ. ಬಹುಮಟ್ಟಿಗೆ ಎಲ್ಲದರಲ್ಲೂ ತಪ್ಪು ಕೇಳಿದವರದೇ ಆಗಿರುತ್ತಿತ್ತು. ಅವನು ಅರವತ್ತು ಪುಟದ ಕೈಪಿಡಿ ಬರೆದಿಟ್ಟಿದ್ದ. ಅದನ್ನು ಯಾರೂ ಓದುತ್ತಿರಲಿಲ್ಲ. ಮೂರನೆಯ ವರ್ಷ ಅವನಿಗೆ ಬೇಸರ ಬಂತು. ಎರಡೇ ಮಾತಿನ ಒಂದು ಉತ್ತರವನ್ನು ಸಿದ್ಧಮಾಡಿಟ್ಟುಕೊಂಡ. "ಕೈಪಿಡಿ ಓದಿ. ತಪ್ಪು ನಿಮ್ಮ ಕಡತದಲ್ಲಿದೆ." ಯಾರು ಏನು ಕೇಳಿದರೂ ಅದನ್ನೇ ಕಳಿಸುತ್ತಿದ್ದ. ನೂರಕ್ಕೆ ತೊಂಬತ್ತೊಂಬತ್ತು ಸಲ ಆ ಉತ್ತರ ಸರಿಯಾಗಿಯೇ ಇರುತ್ತಿತ್ತು.

ಆ ವರ್ಷ ಗಜೇಂದ್ರಗಡದಿಂದ ಒಂದು ಪತ್ರ ಬಂತು. ಬರೆದವಳು ದಾಕ್ಷಾಯಿಣಿ ಪತ್ತಾರ ಎಂಬ ಹೆಂಗಸು. ಅಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸದವಳು. ಪತ್ರದ ಕೆಳಗೆ ಪ್ರೆಸ್ಸಿನ ಜಾಹೀರಾತು ತಾನಾಗಿಯೇ ಅಂಟಿಕೊಂಡು ಬಂದಿತ್ತು: ಲಗ್ನಪತ್ರಿಕೆ, ಕ್ಯಾಲೆಂಡರ್, ಕರಪತ್ರಗಳನ್ನು ಅಂದವಾಗಿ ಮುದ್ರಿಸಿ ಕೊಡಲಾಗುವುದು. ಉಪಾಧ್ಯಾಯನ ಕಣ್ಣು ಮೊದಲು ಆ ಜಾಹೀರಾತಿನ ಮೇಲೆ ಬಿತ್ತು. ಅವನಿಗೆ ನಗು ಬಂತು.

ಪತ್ರ ಉದ್ದವಾಗಿತ್ತು. ಸುತ್ತಲಿನ ನಾಲ್ಕು ಹಳ್ಳಿಗಳ ಭಜನಾ ತಂಡಗಳು ತಮ್ಮ ತಮ್ಮ ವಹಿಗಳಲ್ಲಿದ್ದ ತತ್ವಪದಗಳನ್ನು ಒಟ್ಟುಮಾಡಿ ಪುಸ್ತಕ ಮಾಡಿಸಲು ಆ ಪ್ರೆಸ್ಸಿಗೆ ಕೊಟ್ಟಿದ್ದವು. ಆ ಪ್ರೆಸ್ಸಿಗೆ ಬಂದ ಮೊದಲ ದೊಡ್ಡ ಪುಸ್ತಕ ಅದು. ಅವಳು ಅಡಿಸಾಲನ್ನು ತಾನೇ ಕಲಿತು, ಅದರಿಂದಲೇ ಮುನ್ನೂರ ನಲವತ್ತು ಪುಟ ಕಟ್ಟಿದ್ದಳು. ಕಟ್ಟಿದ ಮೇಲೆ ಒಂದು ಕೈಯಲ್ಲಿ ವಹಿ, ಇನ್ನೊಂದು ಕೈಯಲ್ಲಿ ಅಚ್ಚಿನ ಹಾಳೆ ಹಿಡಿದು, ಸಾಲು ಸಾಲಿಗೂ ಬೆರಳಿಟ್ಟು ಹೋಲಿಸಿದ್ದಳು. ಹನ್ನೊಂದು ಪುಟಗಳಲ್ಲಿ ಅಡಿಯ ಕೊನೆಯ ಸಾಲು ಇರಲಿಲ್ಲ. ಆ ಪುಟದಲ್ಲೂ ಇಲ್ಲ, ಮುಂದಿನ ಪುಟದಲ್ಲೂ ಇಲ್ಲ. ಯಾವ ಹನ್ನೊಂದು ಪುಟ, ಯಾವ ಹಾಡು ಎಂದು ಅವಳು ಪಟ್ಟಿ ಮಾಡಿ ಬರೆದಿದ್ದಳು.

ಉಪಾಧ್ಯಾಯ ಮೊದಲ ಏಳೆಂಟು ಸಾಲು ಓದಿದ. ಅಷ್ಟರಲ್ಲೇ ಎರಡು ಕಡೆ ಕಾಗುಣಿತ ತಪ್ಪಿತ್ತು. ಸಿದ್ಧವಿದ್ದ ಉತ್ತರವನ್ನು ಕಳಿಸಿದ.

ಒಂದು ವಾರವಾಯಿತು. ಅಡಿಸಾಲನ್ನು ಬಳಸುವವರೆಲ್ಲ ಒಂದೆಡೆ ಸೇರಿ ಮಾತಾಡುವ ಗುಂಪೊಂದು ಕಂಪ್ಯೂಟರಿನಲ್ಲಿತ್ತು. ಅಲ್ಲಿ ಐದುನೂರು ಜನ ಇದ್ದರು. ದಾಕ್ಷಾಯಿಣಿ ಎರಡೇ ಪುಟದ ಒಂದು ಮಾದರಿ ಮಾಡಿ ಆ ಗುಂಪಿನಲ್ಲಿ ಇಟ್ಟಳು. "ಕೈಪಿಡಿ ಎರಡು ಸಲ ಓದಿದೆ. ತಪ್ಪು ನನ್ನದೇ ಇರಬಹುದು. ಆದರೆ ಹನ್ನೊಂದು ಕಡೆಯೂ ಒಂದೇ ರೀತಿ ಆಗುತ್ತಿದೆ. ದಯವಿಟ್ಟು ಒಮ್ಮೆ ನೋಡಬೇಕು" ಎಂದು ಕೇಳಿಕೊಂಡಳು.

ಅದೇ ವಾರ ಒಂದು ದೊಡ್ಡ ಗ್ರಂಥಮಾಲೆಯವರು ತಮ್ಮ ಹನ್ನೆರಡು ಸಂಪುಟಗಳನ್ನೂ ಅಡಿಸಾಲಿನಲ್ಲೇ ಕಟ್ಟಿಸುವುದಾಗಿ ತಿಳಿಸಿದ್ದರು. ಆ ಗುಂಪಿನಲ್ಲಿ ಅವರೂ ಇದ್ದರು. ಉಪಾಧ್ಯಾಯನಿಗೆ ತುಂಬಿದ ಸಭೆಯಲ್ಲಿ ಯಾರೋ ತನ್ನ ಅಂಗಿ ಹರಿದಿದೆ ಎಂದು ಬೊಟ್ಟು ಮಾಡಿದಂತಾಯಿತು. ಅವನು ಮಾದರಿಯನ್ನು ತೆರೆಯಲಿಲ್ಲ. ಉತ್ತರ ಬರೆದ.

"ಇಷ್ಟು ವಿದ್ವಾಂಸರ ಇಷ್ಟು ಪುಸ್ತಕಗಳಲ್ಲಿ ಯಾರಿಗೂ ಕಾಣದ್ದು ನಿಮ್ಮೊಬ್ಬರಿಗೇ ಕಾಣುತ್ತಿದೆಯಾದರೆ, ಪರೀಕ್ಷಿಸಬೇಕಾದ್ದು ಅಡಿಸಾಲನ್ನಲ್ಲ, ನಿಮ್ಮ ಕಣ್ಣನ್ನು. ಲಗ್ನಪತ್ರಿಕೆ ಜೋಡಿಸಿ ಪಳಗಿದ ಕೈ ಅಲ್ಲೇ ಇರುವುದು ಒಳ್ಳೆಯದು."

ಕೆಲವರು ನಗುವಿನ ಗುರುತು ಹಾಕಿದರು. ಉಳಿದವರು ಸುಮ್ಮನಿದ್ದರು. ಗಜೇಂದ್ರಗಡದಿಂದ ಮತ್ತೆ ಪತ್ರ ಬರಲಿಲ್ಲ. ಉಪಾಧ್ಯಾಯನಿಗೆ ಸಂಜೆಯ ಹೊತ್ತಿಗೆ ಒಂದಿಷ್ಟು ಇರುಸುಮುರುಸಾಯಿತು. ಕೊನೆಯ ಮಾತು ಬೇಡವಾಗಿತ್ತೇನೋ ಎನ್ನಿಸಿತು. ಅಳಿಸೋಣ ಎಂದುಕೊಂಡ. ಅಷ್ಟರಲ್ಲಿ ಯಾರೋ ಬಂದರು, ಚಹಾ ಆಯಿತು, ಮರೆತ.

ಮೂರು ವರ್ಷ ಕಳೆಯಿತು.

ಗ್ರಂಥಮಾಲೆಯ ಏಳನೆಯ ಸಂಪುಟದ ಕರಡು ನೋಡುತ್ತಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು ಉಪಾಧ್ಯಾಯನಿಗೆ ಫೋನ್ ಮಾಡಿದರು. ಇನ್ನೂರ ಹದಿನೆಂಟನೆಯ ಪುಟದ ಅಡಿಯಲ್ಲಿ ಒಂದು ಸಾಲು ಕಾಣುತ್ತಿಲ್ಲವಲ್ಲ ಎಂದರು. ದೊಡ್ಡವರ ಮಾತು. ಉಪಾಧ್ಯಾಯ ಆ ದಿನವೇ ಕೂತು ಹುಡುಕಿದ.

ತಪ್ಪು ಅಡಿಸಾಲಿನಲ್ಲೇ ಇತ್ತು. ಪುಟದ ಅಡಿಯಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಲೆಕ್ಕ ಹಾಕುವಾಗ, ಅವನು ಒಂದು ಸಾಲಿನ ಎತ್ತರವನ್ನು ಎರಡು ಸಲ ಕೂಡಿಸಿದ್ದ. ಹಾಡು ಪುಟದ ತುದಿಗೇ ಮುಗಿದು, ಅದರ ಟಿಪ್ಪಣಿ ಎರಡು ಸಾಲಿನದಾಗಿದ್ದರೆ, ಇಲ್ಲದ ಜಾಗ ಇದೆ ಎಂದು ಅಡಿಸಾಲು ನಂಬುತ್ತಿತ್ತು. ಎರಡನೆಯ ಸಾಲು ಹಾಳೆಯ ಕೆಳಗೆ, ಕಾಗದವೇ ಇಲ್ಲದ ಕಡೆ ಅಚ್ಚಾಗುತ್ತಿತ್ತು. ಹೀಗಾದಾಗ ತಂತ್ರಾಂಶ ಎಚ್ಚರಿಕೆ ಕೊಡುವುದುಂಟು. ಪದೇ ಪದೇ ಬರುವ ಆ ಎಚ್ಚರಿಕೆ ಕಿರಿಕಿರಿ ಎಂದು ಉಪಾಧ್ಯಾಯನೇ ಮೊದಲ ವರ್ಷ ಅದರ ಬಾಯಿ ಮುಚ್ಚಿಸಿದ್ದ.

ತಿದ್ದಲು ಒಂದು ಗಂಟೆಯೂ ಹಿಡಿಯಲಿಲ್ಲ.

ತಿದ್ದಿದ ಮೇಲೆ ಅವನಿಗೆ ಗಜೇಂದ್ರಗಡದ ಪತ್ರ ನೆನಪಾಯಿತು. ಹಳೆಯ ಈಮೇಲುಗಳಲ್ಲಿ ಹುಡುಕಿ ತೆಗೆದ. ಈ ಸಲ ಪೂರ್ತಿ ಓದಿದ. ಪತ್ರದ ಕೊನೆಯಲ್ಲಿ ಅವಳು ಹೀಗೆ ಬರೆದಿದ್ದಳು: "ನಾನು ಲೆಕ್ಕ ಬಲ್ಲವಳಲ್ಲ. ಆದರೆ ಎಲ್ಲೋ ಒಂದು ಸಾಲಿನ ಎತ್ತರ ಎರಡು ಸಲ ಸೇರುತ್ತಿದೆಯೇನೋ ಎಂದು ಅನುಮಾನ."

ಅವನು ಕುರ್ಚಿಯಿಂದ ಎದ್ದು ಅಂಗಳಕ್ಕೆ ಹೋದ. ಹೆಂಡತಿ ಏನಾಯಿತು ಎಂದು ಕೇಳಿದಳು. ಏನಿಲ್ಲ ಎಂದ. ಮತ್ತೆ ಒಳಗೆ ಬಂದು ಆ ಎರಡು ಪುಟದ ಮಾದರಿಯನ್ನು ತೆರೆದ. ಮೂರು ವರ್ಷದಿಂದ ಅದು ಅಲ್ಲೇ ಇತ್ತು. ಎರಡು ಪುಟದಲ್ಲೂ ಅಡಿಯ ಕೊನೆಯ ಸಾಲು ಇರಲಿಲ್ಲ. ಇರಬೇಕಾಗಿದ್ದ ಎರಡು ಸಾಲುಗಳನ್ನು ಅವಳು ಪಕ್ಕದಲ್ಲಿ ಬೇರೆಯಾಗಿ ಬರೆದು ತೋರಿಸಿದ್ದಳು.

ಅವನು ಮಾಡಬೇಕಾದ್ದನ್ನು ಮಾಡಿದ. ಅದೇ ಗುಂಪಿನಲ್ಲಿ, ಅದೇ ಜನರ ಮುಂದೆ ಬರೆದ. ಈ ದೋಷವನ್ನು ಮೂರು ವರ್ಷದ ಹಿಂದೆಯೇ ಕಂಡವರು ದಾಕ್ಷಾಯಿಣಿ ಪತ್ತಾರ, ಕಾರಣವನ್ನೂ ಹೇಳಿದ್ದರು, ನಾನು ನೋಡಲಿಲ್ಲ, ಮೇಲಾಗಿ ಅವಮಾನ ಮಾಡಿದೆ, ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ. ಹೀಗೆ ಒಂದನ್ನೂ ಮುಚ್ಚಿಡದೆ ಬರೆದ.

ಜನ ಅವನನ್ನು ಕೊಂಡಾಡಿದರು. ಇಷ್ಟು ದೊಡ್ಡವರಾಗಿ ಇಷ್ಟು ಸರಳವಾಗಿ ಒಪ್ಪಿಕೊಂಡಿರಲ್ಲ ಎಂದು ಒಬ್ಬರ ಮೇಲೊಬ್ಬರು ಬರೆದರು. ಆ ಹಿರಿಯ ಪ್ರಾಧ್ಯಾಪಕರು ಫೋನ್ ಮಾಡಿ, ವಿದ್ವತ್ತಿಗೆ ವಿನಯ ಭೂಷಣ ಎಂದರು. ಉಪಾಧ್ಯಾಯನಿಗೆ ಎದೆ ಹಗುರಾಯಿತು. ಆ ದಿನ ಊಟ ರುಚಿಸಿತು.

ದಾಕ್ಷಾಯಿಣಿಗೆ ಬರೆದ ಪತ್ರ ಮಾತ್ರ ತಿರುಗಿ ಬಂತು. ಆ ವಿಳಾಸ ಈಗಿಲ್ಲ ಎಂದು. ಹಾಗಾದರೆ ಮುಖತಃ ಹೇಳಿ ಬರೋಣ, ಅವಳಿಗೂ ಸಂತೋಷವಾದೀತು ಎಂದುಕೊಂಡು ಅವನು ಗಜೇಂದ್ರಗಡದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಅಡಿಸಾಲನ್ನು ನೋಡಿಕೊಳ್ಳುವ ಕೆಲಸದಲ್ಲಿ ತನ್ನ ಜೊತೆ ಸೇರಿಕೊಳ್ಳಿ ಎಂದು ಕೇಳುವುದು ಎಂದೂ ನಿಶ್ಚಯಿಸಿದ.

ಪ್ರೆಸ್ಸಿನ ಯಜಮಾನ ಒಳ್ಳೆಯ ಮನುಷ್ಯ. ಕೂರಿಸಿ ನೀರು ಕೊಟ್ಟ. ಬಂದ ಕಾರಣ ಕೇಳಿದ.

"ಆಕಿ ಬಿಟ್ಟು ಮೂರು ವರ್ಷಾತ್ರಿ" ಎಂದ. "ಆವಾಗ ಹುಬ್ಬಳ್ಳಿ ಪ್ರೆಸ್ಸಿನವನೊಬ್ಬ ಫೋನ್ ಮಾಡಿ, ನಿಮ್ಮ ಹೆಣ್ಮಗಳಿಗೆ ದೊಡ್ಡವರು ಹಿಂಗ ಹಿಂಗ ಬರದಾರ ನೋಡ್ರಿ ಅಂತ ಹೇಳಿದ. ನಾನರ ಏನು ಬಲ್ಲೆ? ನೀವು ಮಾಡಿದ ಸಾಮಾನು, ನೀವ ಹೇಳಿದ ಮ್ಯಾಲೆ ಮುಗೀತು. ಇದು ನಿನಗ ದೊಡ್ಡದಾತು ತಂಗಿ ಅಂದೆ. ಪುಸ್ತಕ ಆ ಹುಬ್ಬಳ್ಳಿಯವನಿಗೇ ಕೊಟ್ಟೆ. ಆಕಿ ಒಂದು ತಿಂಗಳು ಲಗ್ನಪತ್ರಿಕಿ ಮಾಡಿದಳು. ಮಾಡಿದ್ದನ್ನ ಹತ್ತು ಹತ್ತು ಸಲ ನೋಡಾಕಿ. ಹೆಸರು ಬರದದ್ದು ಸರಿ ಐತೇನ್ರಿ ಅಂತ ನನ್ನ ಕೇಳಾಕಿ. ಕಡೀಕ ಬರೂದ ಬಿಟ್ಟಳು."

ಉಪಾಧ್ಯಾಯ ಪುಸ್ತಕದ ಬಗ್ಗೆ ಕೇಳಿದ. ಯಜಮಾನ ಒಳಗಿನಿಂದ ಒಂದು ಪ್ರತಿ ತಂದು ಕೊಟ್ಟ. ಹುಬ್ಬಳ್ಳಿಯವನೂ ಅವಳ ಕಡತವನ್ನೇ ಇಟ್ಟುಕೊಂಡು ಅಡಿಸಾಲಿನಿಂದಲೇ ಕಟ್ಟಿದ್ದ. ವಹಿ ಇಟ್ಟುಕೊಂಡು ಹೋಲಿಸುವ ಗೋಜಿಗೆ ಹೋಗಿರಲಿಲ್ಲ. ಉಪಾಧ್ಯಾಯ ಅವಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪುಟ ತಿರುವಿದ. ಹನ್ನೊಂದು ಕಡೆಯೂ ಅಡಿಯ ಕೊನೆಯ ಸಾಲು ಇರಲಿಲ್ಲ.

"ವಹಿಗಳು ಎಲ್ಲಿವೆ?" ಎಂದು ಕೇಳಿದ.

ಮೂರು ವಹಿಗಳು ಆಯಾ ಊರಿನಲ್ಲಿದ್ದವು. ಆದರೆ ಹನ್ನೊಂದು ಸಾಲುಗಳೂ ನಾಲ್ಕನೆಯ ವಹಿಯವು. ಉಳಿದ ಮೂರರಲ್ಲಿ ಅವು ಇರಲಿಲ್ಲ. ಅದಕ್ಕೇ ಅವನ್ನು ಪುಟದ ಅಡಿಗೆ ಹಾಕಿದ್ದು. ಆ ನಾಲ್ಕನೆಯ ವಹಿ ನೀಲಗಂಗವ್ವ ಎಂಬ ಮುದುಕಿಯದು. ಹಾಡುಗಾರ್ತಿ. ತನ್ನ ತಾಯಿ ಹಾಡುತ್ತಿದ್ದುದನ್ನೆಲ್ಲ ಗಂಡನ ಕೈಯಲ್ಲಿ ಬರೆಸಿಟ್ಟಿದ್ದಳು. ಪುಸ್ತಕ ಅಚ್ಚಾಗಿ ಬಂದ ವರ್ಷವೇ ತೀರಿಕೊಂಡಳು. ಅಚ್ಚಿನ ಪುಸ್ತಕ ಮನೆಯಲ್ಲಿದೆಯಲ್ಲ, ಇನ್ನು ವಹಿ ಯಾಕೆ ಎಂದು ಮಕ್ಕಳು ಅದನ್ನು ಅವಳ ಎದೆಯ ಮೇಲಿಟ್ಟು ಅವಳ ಜೊತೆಗೇ ಮಣ್ಣು ಮಾಡಿದರು.

ಅಚ್ಚಾದ ಮೇಲೆ ಹುಬ್ಬಳ್ಳಿಯವನು ಪುಸ್ತಕದ ಕಡತವನ್ನು ಅಳಿಸಿದ್ದ, ದಾಕ್ಷಾಯಿಣಿ ಕೂತು ಜೋಡಿಸಿದ್ದ ಕಂಪ್ಯೂಟರೂ ಕೆಟ್ಟು ಗುಜರಿಗೆ ಹೋಗಿತ್ತು. ಹನ್ನೊಂದರಲ್ಲಿ ಎರಡು ಸಾಲು ಅವಳ ಮಾದರಿಯಲ್ಲಿ ಉಳಿದಿದ್ದವು. ಇನ್ನು ಒಂಬತ್ತು ಎಲ್ಲೂ ಇರಲಿಲ್ಲ.

ಉಪಾಧ್ಯಾಯ ಎದ್ದ. ಬರುವಾಗ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಅವನಿಗೆ ನೆನಪಿರಲಿಲ್ಲ. ಒಂದೇ ಯೋಚನೆ ಹತ್ತಿತ್ತು. ಸಾಲಿಗೆ ಬೆರಳಿಟ್ಟು ಓದಿದವಳು ಅವಳು. ಅವಳಿಗೆ ನೆನಪಿದ್ದರೂ ಇರಬಹುದು.

ಅವಳು ಪೇಟೆಯಲ್ಲಿ ಕುಪ್ಪಸದ ಖಣ ಮಾರುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನೇಕಾರರಿಂದ ಬಂದ ಖಣಗಳನ್ನು ಬಿಚ್ಚಿ, ಎಳೆ ತಪ್ಪಿದೆಯೇ ಎಂದು ನೋಡಿ, ಮಡಿಸಿಡುವುದು ಅವಳ ಕೆಲಸ. ಉಪಾಧ್ಯಾಯ ಹೋದಾಗ ಅವಳು ಒಂದು ಖಣವನ್ನು ಬೆಳಕಿಗೆ ಹಿಡಿದಿದ್ದಳು. ಪಕ್ಕದಲ್ಲಿ ಅವಳಿಗಿಂತ ಹಿರಿಯಳಾದ ಇನ್ನೊಬ್ಬ ಹೆಂಗಸಿದ್ದಳು.

"ಅಕ್ಕಾ, ಇಲ್ಲೊಂದು ಎಳಿ ಬಿಟ್ಟಂಗ ಐತಿ. ನೀ ಒಂಚೂರು ನೋಡು."

"ಹೂಂ, ಬಿಟ್ಟೈತಿ. ದಿನಾ ನನ್ನ ಯಾಕ ಕೇಳ್ತಿ? ನಿನಗ ಕಾಣೂದಿಲ್ಲೇನು?"

"ಕಂಡಂಗ ಆತು" ಎಂದಳು ದಾಕ್ಷಾಯಿಣಿ.

ಉಪಾಧ್ಯಾಯ ಹೊಸ್ತಿಲಲ್ಲೇ ನಿಂತ. ಅಷ್ಟು ಹೊತ್ತು ಪುಸ್ತಕದ ಪುಟಗಳಲ್ಲಿದೆ ಎಂದುಕೊಂಡಿದ್ದ ತನ್ನ ತಪ್ಪು, ಎದುರಿಗೇ ಕೂತು ಬಟ್ಟೆ ಮಡಿಸುತ್ತಿತ್ತು. ಆಮೇಲೆ ಅವನು ಒಳಗೆ ಹೋಗಿ ತಾನು ಯಾರೆಂದು ಹೇಳಿದ. ಅವಳು ಗಾಬರಿಯಿಂದ ಎದ್ದು ನಿಂತಳು. ಮತ್ತೇನು ತಪ್ಪಾಯಿತೋ ಎಂಬಂತೆ ನೋಡಿದಳು.

"ತಪ್ಪು ಇತ್ತಮ್ಮ. ಅಡಿಸಾಲಿನಲ್ಲೇ ಇತ್ತು. ನೀವು ಹೇಳಿದ್ದು ಸರಿ. ಕಾರಣವೂ ನೀವು ಬರೆದದ್ದೇ. ನಾನು ನೋಡದೆ ನಿಮ್ಮನ್ನು ಅಂದೆ" ಎಂದ. ಕೈ ಮುಗಿದ.

ಅವಳು ಕೈಯಲ್ಲಿದ್ದ ಖಣವನ್ನು ಮಡಿಸಿಟ್ಟಳು. ಸಿಟ್ಟು ಮಾಡಲಿಲ್ಲ. ಅಳಲಿಲ್ಲ.

"ಇತ್ತಾ?" ಎಂದಳು. "ನನಗ ಕಂಡದ್ದು ಕಂಡೇ ಇಲ್ಲ ಅಂತ ಮಾಡಿಕೊಂಡಿದ್ದೆನ್ರಿ ನಾ. ಮದಲ ನಾಕ ದಿನ ತ್ರಾಸಾತು. ಆಮ್ಯಾಲ ರೂಢಿ ಆತು."

ಅವನು ತನ್ನ ಜೊತೆ ಕೆಲಸಕ್ಕೆ ಬನ್ನಿ ಎಂದು ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಆಗ ಅವನು ಪುಸ್ತಕವನ್ನು ತೆಗೆದು ಮುಂದಿಟ್ಟ. ನೀಲಗಂಗವ್ವನ ವಹಿಯ ಸಂಗತಿ ಹೇಳಿದ. ಅದು ಅವಳಿಗೆ ತಿಳಿದಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಇಳಿಯಿತು. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಯಾರೂ ತೋರಿಸದೆ ಸರಿಯಾದ ಪುಟಗಳನ್ನೇ ಒಂದೊಂದಾಗಿ ತೆರೆದಳು. ಒಂದು ಪುಟದ ಅಡಿಯಲ್ಲಿ, ಏನೂ ಇಲ್ಲದ ಜಾಗದಲ್ಲಿ ಬೆರಳಿಟ್ಟಳು.

"ಬೀಸೂದು ನಿಂತರೂ ಕಲ್ಲು ಬಿಸಿ ಐತಿ" ಎಂದಳು.

ಉಪಾಧ್ಯಾಯ ಪುಟದ ಮೇಲೆ ಬಾಗಿದ. ಜೇಬಿನಿಂದ ಪೆನ್ನು ತೆಗೆದ.

ಪೆನ್ನು ಕಂಡೊಡನೆ ಅವಳು ಬೆರಳನ್ನು ಹಿಂದಕ್ಕೆ ತೆಗೆದಳು. "ಬಿಸಿ ಐತಿ ಅಂತ ಇತ್ತೋ, ಬಿಸಿ ಇತ್ತು ಅಂತ ಇತ್ತೋ... ಇಲ್ರಿ, ಬರಕೋಬ್ಯಾಡ್ರಿ."

"ಪರವಾಗಿಲ್ಲ, ನೆನಪಿದ್ದಷ್ಟು ಹೇಳಿ. ನಿಮ್ಮ ಕಣ್ಣು ತಪ್ಪಿರಲಿಲ್ಲ. ನಾನೇ ಹೇಳುತ್ತಿದ್ದೇನಲ್ಲ."

"ನೀವ ಆವಾಗ ಒಂದು ಹೇಳಿದಿರಿ, ಈಗ ಒಂದು ಹೇಳತೀರಿ" ಎಂದಳು ಅವಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ ಹಾಗಿತ್ತು. "ಅನ್ನಸೂದು ಎಲ್ಲಾ ಅನ್ನಸತಾವ್ರಿ. ಒಂಬತ್ತೂ ಬಾಯಾಗ ಬಂದಂಗ ಆಗತಾವ. ಆದರ ಬರದರ ಮಂದಿ ಖರೇ ಅಂತ ನಂಬತಾರು. ನೀಲಗಂಗವ್ವ ಹಿಂಗ ಹಾಡತಿದ್ದಳು ಅಂತಾರು. ನಾನು ಸುಳ್ಳ ಕಂಡಿದ್ದರ? ಬ್ಯಾಡ್ರಿ."

ಅವನು ಮತ್ತೆ ಮತ್ತೆ ಕೇಳಿಕೊಂಡ. ಹಾಳೆ ಇಟ್ಟು ಹೋಗುತ್ತೇನೆ, ಮನಸ್ಸು ಬಂದಾಗ ಬರೆಯಿರಿ ಎಂದ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗಿಟ್ಟು, ಪುಸ್ತಕವನ್ನು ಅವನ ಕೈಗೇ ಕೊಟ್ಟಳು. ಬಿಸಿಲಾಗ ಬಂದೀರಿ, ಮಜ್ಜಿಗಿ ಕುಡದು ಹೋಗ್ರಿ ಎಂದಳು. ಅವನು ಕುಡಿದ. ಅವನು ಲೋಟ ಕೆಳಗಿಡುವಷ್ಟರಲ್ಲಿ ಅವಳು ಇನ್ನೊಂದು ಖಣ ಬಿಚ್ಚಿ ಬೆಳಕಿಗೆ ಹಿಡಿದಿದ್ದಳು. ಹಿಡಿದು, ಪಕ್ಕದವಳ ಕಡೆ ತಿರುಗಿದ್ದಳು.

ಆಮೇಲೆ ಅವನು ತನ್ನ ಕೈಯಲ್ಲಾಗುವುದನ್ನೆಲ್ಲ ಮಾಡಿದ. ತತ್ವಪದದ ಪುಸ್ತಕವನ್ನು ಮತ್ತೆ ಕಟ್ಟಿ ಅಚ್ಚು ಹಾಕಿಸಿದ. ಎರಡು ಸಾಲುಗಳು ಅದರಲ್ಲಿ ಸೇರಿದವು. ಒಂಬತ್ತು ಕಡೆ, ಇಲ್ಲಿ ಒಂದು ಸಾಲು ಕಳೆದಿದೆ ಎಂದು ಬರೆದ. ಕೈಪಿಡಿಯ ಮೊದಲ ಪುಟದಲ್ಲಿ ತನ್ನ ಹೆಸರಿಗಿಂತ ಮೇಲೆ ಅವಳ ಹೆಸರು ಹಾಕಿದ. ಬಾಯಿ ಮುಚ್ಚಿಸಿದ್ದ ಎಚ್ಚರಿಕೆಯನ್ನು ಮತ್ತೆ ತೆರೆದ. ಈಗ ಯಾರ ಪತ್ರ ಬಂದರೂ ಕೊನೆಯ ಸಾಲಿನವರೆಗೆ ಓದುತ್ತಾನೆ. ಹೊಸ ಪುಸ್ತಕದ ಪ್ರತಿಯೊಂದನ್ನು ಅವಳಿಗೆ ಕಳಿಸಿದ. ಮುಟ್ಟಿತು ಎಂದು ಅಂಗಡಿಯವರು ತಿಳಿಸಿದರು. ಅವಳು ಬರೆಯಲಿಲ್ಲ. ಇನ್ನೊಂದು ಪತ್ರ ಹಾಕೋಣವೆಂದು ಎರಡು ಸಲ ಕೂತ. ಹಾಕಿದರೆ ಅದು ಯಾರಿಗಾಗಿ ಎಂದು ತಿಳಿಯದೆ ಎದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಕ್ಕಕ್ಕಿಟ್ಟಿದ್ದ ಹಾಳೆಗಳನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಹೋದ ವರ್ಷ ಅವನು ಇಲ್ಲಿಗೆ ಬಂದಿದ್ದ. ನೀನು ಕೇಳಿದ್ದನ್ನೇ ಕೇಳಿದ."

"ನೀವು ಏನು ಹೇಳಿದಿರಿ? ಒಪ್ಪಿಕೊಂಡರೆ ಸಾಕು ಎಂದಿರೋ, ಸಾಲದು ಎಂದಿರೋ?" ಎಂದು ಶಿಷ್ಯ ಕೇಳಿದ.

"ಸಾಕು ಎಂದೆ" ಎಂದರು ಗುರುಗಳು. "ಒಪ್ಪಿಕೊಂಡವನಿಗೆ."